ನೀವು ಯಾವ ಕೆಲಸ ಮಾಡುತ್ತಿದ್ದಿರಿ?

ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಕಳೆದ ಸಂಚಿಕೆಯಲ್ಲಿ ಕಲ್ನಾರಿನ (ಆಸ್ಬೆಸ್ಟಾಸ್) ಧೂಳಿನ ಬಗ್ಗೆ ಕೇಳಿದ್ದ ಓದುಗರೊಬ್ಬರಿಗೆ ನಾಲ್ಕು ಸಾಲಿನಲ್ಲಿ ಉತ್ತರಿಸಿದ್ದೆ. ಅದನ್ನು ಓದಿ ಬಂದ ಪತ್ರಗಳು ನನ್ನನ್ನು ಕೂರಲು ಬಿಟ್ಟಿಲ್ಲ. ಈ ಬಾರಿಯ ಪುಟವನ್ನು ಪೂರ್ತಿ ಆ ಪತ್ರಗಳಿಗೇ ಕೊಟ್ಟಿದ್ದೇನೆ. ಬರೆದವರ ಹೆಸರು, ಊರು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಂದೆ 1988ರಿಂದ 2004ರವರೆಗೆ ಕಲ್ನಾರಿನ ಶೀಟು ತಯಾರಿಸುವ ಕಾರ್ಖಾನೆಯಲ್ಲಿದ್ದರು. ಮೂಟೆ ಬಿಚ್ಚಿ ಯಂತ್ರಕ್ಕೆ ಸುರಿಯುವ ಕೆಲಸ. ಈಗ 64 ವರ್ಷ. ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು, ಒಣಕೆಮ್ಮು. ಕಫದಲ್ಲಿ ಕ್ಷಯದ ರೋಗಾಣು ಕಾಣದಿದ್ದರೂ ಆರು ತಿಂಗಳು ಕ್ಷಯದ ಮಾತ್ರೆ ಕೊಟ್ಟರು, ಗುಣವಾಗಲಿಲ್ಲ. ಎಕ್ಸ್‌ರೇಯಲ್ಲಿ ಎರಡೂ ಕಡೆ ಕೆಳಭಾಗದಲ್ಲಿ ಗೆರೆಗಳಿವೆ ಎಂದಿದ್ದಾರೆ. ಕೆಲಸ ಬಿಟ್ಟು ಇಷ್ಟು ವರ್ಷವಾದ ಮೇಲೆ ಕಾರ್ಖಾನೆಯ ಧೂಳು ಕಾರಣವಾಗಬಹುದೇ ಡಾಕ್ಟರೇ? ಕಾರ್ಖಾನೆ ಈಗ ಬೇರೆಯವರ ಕೈಯಲ್ಲಿದೆ.

ಆಗಬಹುದು ತಾಯಿ. ಇಷ್ಟು ವರ್ಷ ಕಳೆದಿದೆ ಎನ್ನುವುದು ಧೂಳಿನ ಮೇಲಿನ ಅನುಮಾನವನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ. ಕಲ್ನಾರಿನ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು, ಅದಕ್ಕೆ ವಾಸನೆಯಿಲ್ಲ. ಉಸಿರಿನೊಡನೆ ಗಾಳಿಚೀಲದ ತುದಿಯವರೆಗೆ ಹೋಗಿ ಕೂರುತ್ತದೆ. ಹೊರಗಿನಿಂದ ಬಂದದ್ದನ್ನು ನುಂಗಿ ಹಾಕುವ ಕಾವಲು ಕಣಗಳು ಶ್ವಾಸಕೋಶದಲ್ಲಿವೆ. ಆದರೆ ಈ ಎಳೆ ಅವುಗಳಿಗಿಂತ ಉದ್ದ. ನುಂಗಲು ಹೋದ ಕಣವೇ ಸಾಯುತ್ತದೆ, ಸತ್ತ ಜಾಗದಲ್ಲಿ ಉರಿಯೂತವಾಗುತ್ತದೆ, ಉರಿಯೂತ ಮಾಗಿ ಗಾಯದ ಕಲೆಯಾಗುತ್ತದೆ. ಎಳೆ ಮಾತ್ರ ಅಲ್ಲೇ ಇರುತ್ತದೆ. ನಿಮ್ಮ ತಂದೆ ಕಾರ್ಖಾನೆ ಬಿಟ್ಟು ಬಂದರೂ ಧೂಳು ಅವರ ಜೊತೆಯಲ್ಲೇ ಬಂದಿದೆ. ಮೆತ್ತಗಿರಬೇಕಾದ ಶ್ವಾಸಕೋಶ ವರ್ಷದಿಂದ ವರ್ಷಕ್ಕೆ ಗಡುಸಾಗುತ್ತಾ ಹೋಗುವ ಈ ಕಾಯಿಲೆಗೆ ಆಸ್ಬೆಸ್ಟೋಸಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಇದು ತಲೆದೋರಲು ಹತ್ತಿಪ್ಪತ್ತು ವರ್ಷವಾದರೂ ಬೇಕು.

ಎಕ್ಸ್‌ರೇಯಲ್ಲಿ ಗೆರೆಗಳು ಕೆಳಭಾಗದಲ್ಲಿವೆ ಎಂದು ಬರೆದಿದ್ದೀರಿ. ಆ ಒಂದು ಪದ ಓದಿದಾಗ ನನ್ನ ಕೈ ನಿಂತಿತು. ಕ್ಷಯ ಹೆಚ್ಚಾಗಿ ಶ್ವಾಸಕೋಶದ ಮೇಲುಭಾಗವನ್ನು ಹಿಡಿಯುತ್ತದೆ, ಆಸ್ಬೆಸ್ಟೋಸಿಸ್ ಬುಡದಿಂದ ಶುರುವಾಗುತ್ತದೆ. ನಿಮ್ಮ ತಂದೆಗೆ ಆದ ತಪ್ಪನ್ನು ನಾನೂ ಮಾಡಿದ್ದೇನೆ. ವೃತ್ತಿಗೆ ಬಂದ ಆರನೆಯ ವರ್ಷ ಒಬ್ಬರು ಬಂದಿದ್ದರು. ಚೀಟಿಯಲ್ಲಿ ಕೆಲಸ ‘ಫಿಟ್ಟರ್’ ಎಂದಿತ್ತು. ಕೆಮ್ಮು, ತೂಕ ಇಳಿಕೆ, ಎಕ್ಸ್‌ರೇಯಲ್ಲಿ ನೆರಳು. ನಾನೂ ಕ್ಷಯದ ಮಾತ್ರೆ ಬರೆದೆ. ಎಂಟು ತಿಂಗಳ ನಂತರ ಅವರ ಹೆಂಡತಿ ಮಾತಿನ ನಡುವೆ, ‘ಆಗೆಲ್ಲ ಇವರು ಸುಣ್ಣ ಬಳಿದವರ ಹಾಗೆ ಬೆಳ್ಳಗಾಗಿ ಮನೆಗೆ ಬರುತ್ತಿದ್ದರು’ ಎಂದರು. ಏನು ಕೆಲಸ ಅದು ಎಂದು ಆಗ ಕೇಳಿದೆ. ಬಿಸಿ ಕೊಳವೆಗಳಿಗೆ ಕಲ್ನಾರಿನ ಪುಡಿಯನ್ನು ನೀರಿನಲ್ಲಿ ಕಲಸಿ ಬರಿಗೈಯಲ್ಲಿ ಮೆತ್ತುವ ಕೆಲಸ. ಪುಡಿಯ ಮೂಟೆಯನ್ನು ಮೊಣಕಾಲಿಗೆ ಒತ್ತಿ ಹೇಗೆ ಹರಿಯುತ್ತಿದ್ದೆ ಎಂದು ಅವರು ಕೂತಲ್ಲೇ ಮಾಡಿ ತೋರಿಸಿದರು. ಮೊದಲ ದಿನವೇ ನಾನು ಕೇಳಬೇಕಿದ್ದ ಪ್ರಶ್ನೆ ಅದು. ಅಂದಿನಿಂದ ಎದೆಗೆ ಸ್ಟೆತಾಸ್ಕೋಪ್ ಇಡುವ ಮೊದಲು ಅದನ್ನೇ ಕೇಳುತ್ತೇನೆ: ಹದಿನೆಂಟನೇ ವಯಸ್ಸಿನಿಂದ ಇಲ್ಲಿಯವರೆಗೆ ಯಾವ್ಯಾವ ಕೆಲಸ ಮಾಡಿದಿರಿ, ಕೈಯಲ್ಲಿ ಏನು ಹಿಡಿಯುತ್ತಿದ್ದಿರಿ?

ಈಗ ಮಾಡಬೇಕಾದದ್ದು ಹೇಳುತ್ತೇನೆ. ತಂದೆಯನ್ನು ಶ್ವಾಸಕೋಶ ತಜ್ಞರ ಬಳಿ ಕರೆದೊಯ್ಯಿರಿ. ಬರೀ ಎಕ್ಸ್‌ರೇ ಸಾಲದು. ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಎಚ್‌ಆರ್‌ಸಿಟಿ ಸ್ಕ್ಯಾನ್ ಮತ್ತು ಉಸಿರಾಟದ ಸಾಮರ್ಥ್ಯದ ಪರೀಕ್ಷೆ, ಅದರಲ್ಲೂ ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆ ಎಂದು ಅಳೆಯುವ ಡಿಎಲ್‌ಸಿಒ ಪರೀಕ್ಷೆ ಬೇಕು. ಬೆನ್ನಿನ ಕೆಳಭಾಗದಲ್ಲಿ ಉಸಿರೆಳೆದಾಗ ಒಣಗಿದ ಎಲೆಯನ್ನು ಕಿವುಚಿದಂತಹ ಸದ್ದು ಕೇಳುತ್ತದೆಯೇ, ಬೆರಳ ತುದಿಗಳು ಉಬ್ಬಿವೆಯೇ ಎಂದು ಅವರು ನೋಡುತ್ತಾರೆ. ಆದ ಕಲೆಯನ್ನು ಅಳಿಸುವ ಔಷಧ ಇಲ್ಲ, ಇದನ್ನು ಮುಚ್ಚಿಡುವುದಿಲ್ಲ. ಆದರೆ ಫ್ಲೂ ಮತ್ತು ನ್ಯುಮೋನಿಯಾದ ಲಸಿಕೆ, ಉಸಿರಾಟದ ವ್ಯಾಯಾಮ, ಬೇಕಾದಾಗ ಆಮ್ಲಜನಕ, ಇವುಗಳಿಂದ ಬದುಕು ಎಷ್ಟೋ ಸಲೀಸಾಗುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ಅಪಾಯವೂ ಇರುವುದರಿಂದ ತಪಾಸಣೆಯನ್ನು ನಿಲ್ಲಿಸಬಾರದು. ಮುಖ್ಯವಾಗಿ, ಮೂಟೆ ಬಿಚ್ಚುವ ಕೆಲಸ, ಎಷ್ಟು ವರ್ಷ, ಯಾವ ವಸ್ತು ಎಂಬುದನ್ನು ವೈದ್ಯರು ತಮ್ಮ ಕೈಯಲ್ಲೇ ದಾಖಲೆಯಲ್ಲಿ ಬರೆಯುವಂತೆ ಕೇಳಿಕೊಳ್ಳಿ. ಆಸ್ಬೆಸ್ಟೋಸಿಸ್ ಕಂಡರೆ ಕಾರ್ಖಾನೆಗಳ ಇಲಾಖೆಗೆ ತಿಳಿಸುವುದು ವೈದ್ಯರ ಕರ್ತವ್ಯ ಎಂದು 1948ರ ಕಾರ್ಖಾನೆ ಕಾಯ್ದೆಯ 89ನೇ ಕಲಮೇ ಹೇಳಿತ್ತು. ನಮ್ಮಲ್ಲಿ ಎಷ್ಟೋ ವೈದ್ಯರಿಗೆ ಇದು ಗೊತ್ತಿಲ್ಲ ಎನ್ನುವುದು ನನಗೆ ಇಂದಿಗೂ ನೋವಿನ ಸಂಗತಿ.

ಇನ್ನು ಪರಿಹಾರ. ಆಸ್ಬೆಸ್ಟೋಸಿಸ್ 1923ರ ಉದ್ಯೋಗಿಗಳ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದ್ದ ವೃತ್ತಿ ಕಾಯಿಲೆ. ಆ ಕಾಯ್ದೆಯನ್ನೂ ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಕಾಯ್ದೆಯನ್ನೂ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಸಲಾಗಿದೆ. ತಂದೆಗೆ ಇ.ಎಸ್.ಐ. ಇತ್ತೇ ನೋಡಿ. ಇದ್ದರೆ ಪರಿಹಾರವನ್ನು ಇ.ಎಸ್.ಐ. ನಿಗಮದಿಂದ ಕೇಳಬೇಕು, ಅದೇ ಕಾಯಿಲೆಗೆ ಮಾಲೀಕರಿಂದ ಮತ್ತೆ ಕೇಳುವಂತಿಲ್ಲ. ಇಲ್ಲದಿದ್ದರೆ ಮಾಲೀಕರ ಮೇಲೆಯೇ ಅರ್ಜಿ ಹಾಕಬೇಕು. ಕಾರ್ಖಾನೆಯನ್ನು ಕೊಂಡವರು ಯಾರು, ಹಳೆಯ ಹೊಣೆ ಅವರ ಮೇಲೆ ಬರುತ್ತದೆಯೇ, ಹಳೆಯ ಮಾಲೀಕರಿಗೆ ವಿಮೆ ಇತ್ತೇ ಎಂದು ವಕೀಲರು ಹುಡುಕುತ್ತಾರೆ.

ನಿಮ್ಮ ಕೈಗೆ ಒಂದು ದೊಡ್ಡ ಆಧಾರವಿದೆ. 1995ರ ಜನವರಿ 27ರಂದು ಸುಪ್ರೀಂ ಕೋರ್ಟ್, ಕನ್ಸ್ಯೂಮರ್ ಎಜುಕೇಷನ್ ಅಂಡ್ ರಿಸರ್ಚ್ ಸೆಂಟರ್ ಎಂಬ ಗ್ರಾಹಕರ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ, ಕಾರ್ಮಿಕರ ಆರೋಗ್ಯವೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು ಎಂದು ತೀರ್ಪು ಕೊಟ್ಟಿತು. ಕಲ್ನಾರಿನ ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಕೊನೆಗೆ ಬರುತ್ತದೆಯೋ ಅಲ್ಲಿಯವರೆಗೆ ಕಾಪಾಡಬೇಕು ಎಂದು ಆದೇಶಿಸಿತು. 1988ರಲ್ಲಿ ಸೇರಿದ ನಿಮ್ಮ ತಂದೆಯ ದಾಖಲೆ ಆ ಲೆಕ್ಕದಂತೆ 2028ರವರೆಗೆ ಇರಲೇಬೇಕು. ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬರೆದು ಕೇಳಿ, ಪ್ರತಿ ಇಟ್ಟುಕೊಳ್ಳಿ. ಅವರು ಕೊಡದೆ ಹೋದರೆ ಅದೂ ಒಂದು ಸಾಕ್ಷ್ಯವೇ. ಜೊತೆಗೆ ಪಿ.ಎಫ್. ಚೀಟಿ, ಸಂಬಳದ ಚೀಟಿ, ಗೇಟ್ ಪಾಸ್, ಜೊತೆಯಲ್ಲಿ ದುಡಿದವರ ಪ್ರಮಾಣಪತ್ರ ಕೂಡಿಸಿ. ಜೊತೆಯವರು ಇನ್ನೂ ಇರುವಾಗಲೇ ಈ ಕೆಲಸ ಮಾಡಿ.

ಪ್ರಶ್ನೆ: ನಾನು ಗುತ್ತಿಗೆದಾರರ ಕೈಕೆಳಗೆ ಒಂದೇ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಕೊಳವೆಗಳಿಗೆ ಕಲ್ನಾರಿನ ಹೊದಿಕೆ ಸುತ್ತುವ ಕೆಲಸ ಮಾಡಿದೆ. ಈಗ ಶ್ವಾಸಕೋಶದ ಕ್ಯಾನ್ಸರ್ ಎಂದಿದ್ದಾರೆ. ಬೀಡಿ ಸೇದುತ್ತಿದ್ದೆ. ‘ಬೀಡಿಯಿಂದಲೇ ಬಂದಿದೆ, ಆದರೂ ಮಾನವೀಯತೆಯಿಂದ ಸ್ವಲ್ಪ ಹಣ ಕೊಡುತ್ತೇವೆ, ಇನ್ನು ಯಾವ ಹಕ್ಕೂ ಇಲ್ಲ ಎಂದು ಬರೆದುಕೊಡಿ’ ಎಂದು ಕಾರ್ಖಾನೆಯವರು ಹೇಳುತ್ತಿದ್ದಾರೆ. ಸಹಿ ಹಾಕಲೇ?

ಹಾಕಬೇಡಿ ಅಣ್ಣಾ. ಈಗಾಗಲೇ ಹಾಕಿದ್ದರೂ ಎದೆಗುಂದಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವಂತೆ ಬರೆಸಿಕೊಂಡ ಕರಾರಿಗೆ ಬೆಲೆಯಿಲ್ಲ ಎಂದು 1923ರ ಕಾಯ್ದೆಯ 17ನೇ ಕಲಂ ಸ್ಪಷ್ಟವಾಗಿ ಹೇಳಿತ್ತು. ಗುತ್ತಿಗೆದಾರ ಎಲ್ಲಿ ಹೋದನೋ ಗೊತ್ತಿಲ್ಲ ಎಂದು ಕಾರ್ಖಾನೆಯವರು ನುಣುಚಿಕೊಂಡರೆ ಅದಕ್ಕೂ ಅದೇ ಕಾಯ್ದೆಯ 12ನೇ ಕಲಂ ಉತ್ತರ ಕೊಟ್ಟಿತ್ತು: ಯಾರ ಉದ್ಯಮಕ್ಕಾಗಿ ಕೆಲಸ ನಡೆಯಿತೋ ಆ ಮುಖ್ಯ ಮಾಲೀಕರು ಹೊಣೆ. ಅವರು ಬೇಕಾದರೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ, ಅದು ಅವರಿಬ್ಬರ ವ್ಯವಹಾರ.

ಬೀಡಿಯ ಮಾತು. ನೀವು ಬರೆದ ಧಾಟಿಯಲ್ಲಿ ತಪ್ಪಿತಸ್ಥನ ಅಳುಕು ಕಾಣುತ್ತಿದೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಅಮೆರಿಕದ ಇನ್ಸುಲೇಷನ್ ಕೆಲಸಗಾರರ ಬಗ್ಗೆ 1979ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಹೊಗೆಯೂ ಇಲ್ಲದ, ಕಲ್ನಾರೂ ಇಲ್ಲದವರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಬರೀ ಕಲ್ನಾರಿನಲ್ಲಿ ದುಡಿದವರಿಗೆ ಸುಮಾರು 5 ಪಟ್ಟು, ಬರೀ ಹೊಗೆ ಸೇದುವವರಿಗೆ ಸುಮಾರು 11 ಪಟ್ಟು, ಎರಡೂ ಇದ್ದವರಿಗೆ 50 ಪಟ್ಟಿಗೂ ಮೇಲೆ. ಇಲ್ಲಿ ಒಂದಕ್ಕೊಂದು ಕೂಡುವುದಿಲ್ಲ, ಗುಣಿಸುತ್ತದೆ. ಬೀಡಿ ಸೇದುವವರನ್ನು ಆ ಧೂಳಿಗೆ ತಳ್ಳಿದ್ದು ಇನ್ನೂ ದೊಡ್ಡ ಅಪರಾಧ ಎಂದು ನಾನು ಓದುತ್ತೇನೆ. ಆಸ್ಬೆಸ್ಟಾಸ್‌ನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ 1923ರ ಕಾಯ್ದೆಯ ಮೂರನೇ ಅನುಸೂಚಿಯ ‘ಬಿ’ ಭಾಗದಲ್ಲಿತ್ತು. ಅಂತಹ ಕೆಲಸದಲ್ಲಿ ಒಬ್ಬ ಮಾಲೀಕರ ಬಳಿ ಆರು ತಿಂಗಳು ಎಡೆಬಿಡದೆ ದುಡಿದಿರುವಾಗ ಕಾಯಿಲೆ ಬಂದರೆ ಅದನ್ನು ಕೆಲಸದಿಂದಾದ ಗಾಯವೆಂದೇ ಕಾನೂನು ಎಣಿಸುತ್ತದೆ. ಅಲ್ಲ ಎನ್ನುವವರು ಸಾಬೀತು ಮಾಡಬೇಕು. ನೀವು ಕೆಲಸ ಬಿಟ್ಟ ಮೇಲೆ ಕಾಯಿಲೆ ಕಂಡಿದ್ದರೆ ಅದು ಆ ಕೆಲಸದಿಂದಲೇ ಬಂದದ್ದು ಎಂದು ತೋರಿಸುವ ಭಾರ ನಿಮ್ಮ ಮೇಲಿರುತ್ತದೆ. ಆಗ ಸ್ಕ್ಯಾನಿನಲ್ಲಿ ಶ್ವಾಸಕೋಶದ ಪೊರೆಯ ಮೇಲೆ ಸುಣ್ಣಗಟ್ಟಿದ ದಪ್ಪ ಕಲೆಗಳಿವೆಯೇ ಎಂದು ಕೇಳಿ ಬರೆಸಿಕೊಳ್ಳಿ. ಅವು ಕಲ್ನಾರು ಒಳಗೆ ಹೋದದ್ದರ ಗುರುತು. ಬೀಡಿಯಿಂದ ಅಂತಹ ಕಲೆ ಬರುವುದಿಲ್ಲ.

ವಕೀಲರಿಗೆ ಹಣವೆಲ್ಲಿ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಆ ಪ್ರಾಧಿಕಾರದ ಕಚೇರಿ ಇರುತ್ತದೆ, 15100ಕ್ಕೆ ಕರೆ ಮಾಡಿಯೂ ಕೇಳಬಹುದು. ಬೀಡಿಯನ್ನು ಇಂದೇ ಬಿಡಿ. ಚಿಕಿತ್ಸೆ ಮೈಗೆ ಹತ್ತಬೇಕು, ಅದಕ್ಕಾಗಿ.

ಪ್ರಶ್ನೆ: ಹಳೆಯ ಕಲ್ನಾರಿನ ಶೀಟು ಇಳಿಸುವ ಕೆಲಸಕ್ಕೆ ಹೋಗುತ್ತೇನೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಕೇ?

ಸಾಲದು. ಆ ಎಳೆ ಬಟ್ಟೆಯನ್ನು ದಾಟಿ ಹೋಗುತ್ತದೆ. ಮುಖಕ್ಕೆ ಬಿಗಿಯಾಗಿ ಕೂರುವ, ಅತಿ ಸಣ್ಣ ಕಣಗಳನ್ನು ತಡೆಯುವ ಮುಖಗವಸನ್ನು ಕೆಲಸ ಕೊಟ್ಟವರೇ ಒದಗಿಸಬೇಕು. ಶೀಟನ್ನು ನೀರಿನಿಂದ ನೆನೆಸಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿ. ಒಡೆಯಬೇಡಿ, ಗರಗಸ ಹಾಕಬೇಡಿ, ಮೇಲಿನಿಂದ ಎಸೆಯಬೇಡಿ. ಒಣ ಪೊರಕೆಯಲ್ಲಿ ಗುಡಿಸಬೇಡಿ. ಚೂರುಗಳನ್ನು ಒದ್ದೆಯಿರುವಾಗಲೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಟ್ಟಿ. ಕೆಲಸದ ಬಟ್ಟೆಯಲ್ಲಿ ಮನೆಗೆ ಹೋಗಬೇಡಿ. ಏಕೆ ಎನ್ನುವುದಕ್ಕೆ ಮುಂದಿನ ಪತ್ರವನ್ನು ದಯವಿಟ್ಟು ಓದಿ.

ಪ್ರಶ್ನೆ: ನನ್ನ ಯಜಮಾನರು ಕಲ್ನಾರಿನ ಹಗ್ಗ ನೇಯುವ ಕಡೆ ಕೆಲಸಕ್ಕಿದ್ದರು. ಮೆಸೊಥೀಲಿಯೋಮ ಎಂಬ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಬಂತು. ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಮರಣ ಪತ್ರದಲ್ಲಿ ‘ಹೃದಯ ಸ್ತಂಭನ’ ಎಂದಿದೆ. ಅವರ ಬಟ್ಟೆಯನ್ನು ಇಪ್ಪತ್ತು ವರ್ಷ ಕೊಡವಿ ಒಗೆದವಳು ನಾನು. ನನಗೂ ಬರುತ್ತದೆಯೇ?

ಅಮ್ಮಾ, ಮೊದಲು ನಿಮ್ಮ ಆರೋಗ್ಯ. ಬಟ್ಟೆಯ ಧೂಳಿನಿಂದ ಮನೆಯವರಿಗೆ ಈ ಕಾಯಿಲೆ ಬಂದದ್ದುಂಟು, ಸುಳ್ಳು ಸಮಾಧಾನ ಹೇಳಲಾರೆ. ಆದರೆ ಹಾಗೆ ಬಟ್ಟೆ ಒಗೆದವರಲ್ಲಿ ಬಹುಪಾಲು ಜನರಿಗೆ ಬರುವುದಿಲ್ಲ ಎನ್ನುವುದೂ ಅಷ್ಟೇ ನಿಜ. ಒಮ್ಮೆ ಎದೆಯ ಪರೀಕ್ಷೆ ಮಾಡಿಸಿ. ಪೊರೆಯ ಮೇಲೆ ಕಲೆ ಕಂಡರೆ ಹೆದರಬೇಡಿ, ಆ ಕಲೆ ಕ್ಯಾನ್ಸರ್ ಅಲ್ಲ. ಎದೆಯ ಒಂದು ಪಕ್ಕ ನೋವು, ನೀರು ತುಂಬಿ ಉಸಿರು ಕಟ್ಟುವುದು ಕಂಡರೆ ತಡಮಾಡಬೇಡಿ, ಬಟ್ಟೆಯ ವಿಷಯವನ್ನು ವೈದ್ಯರಿಗೆ ಹೇಳಿ. ನೌಕರರ ಪರಿಹಾರ ಕಾನೂನು ಮನೆಯವರ ಕಾಯಿಲೆಗೆ ಅನ್ವಯಿಸುವುದಿಲ್ಲ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೂನ್ ಹ್ಯಾನ್ಕಾಕ್ ಎಂಬ ಮಹಿಳೆ, ಬಾಲ್ಯದಲ್ಲಿ ಕಲ್ನಾರಿನ ಕಾರ್ಖಾನೆಯ ಪಕ್ಕ ಆಡಿ ಬೆಳೆದವರು, ಕಾರ್ಖಾನೆಯ ನೌಕರರಲ್ಲದಿದ್ದರೂ 1995ರಲ್ಲಿ ಮೊಕದ್ದಮೆ ಗೆದ್ದರು. ಅವರ ತಾಯಿಯೂ ಇದೇ ಕಾಯಿಲೆಯಿಂದ ತೀರಿಕೊಂಡಿದ್ದರು. ನಮ್ಮಲ್ಲಿ ಅಂತಹ ದಾವೆಯ ದಾರಿ ಕಠಿಣ. ನಿಮಗೆ ಅದರ ಅಗತ್ಯವೇ ಬೀಳದಿರಲಿ.

ನಿಮ್ಮ ಯಜಮಾನರ ಪರಿಹಾರ ಮಾತ್ರ ನಿಮ್ಮ ಹಕ್ಕು. ಮೆಸೊಥೀಲಿಯೋಮ ಶ್ವಾಸಕೋಶದ ಅಥವಾ ಹೊಟ್ಟೆಯ ಪೊರೆಯ ಕ್ಯಾನ್ಸರ್. ಕಲ್ನಾರನ್ನು ಬಿಟ್ಟು ಬೇರೆ ಕಾರಣಕ್ಕೆ ಅದು ಬರುವುದು ಅಪರೂಪ. ಅದಕ್ಕೆ ಹೊಗೆಸೊಪ್ಪೂ ಕಾರಣವಲ್ಲ. 1960ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯ ವ್ಯಾಗ್ನರ್ ಮತ್ತು ಜೊತೆಗಾರರು ಗಣಿ ಸೀಮೆಯ 33 ರೋಗಿಗಳನ್ನು ಮುಂದಿಟ್ಟು ಈ ನಂಟನ್ನು ತೋರಿಸಿದರು. ‘ಹೃದಯ ಸ್ತಂಭನ’ ಎಂಬ ಪದ ನಿಮ್ಮ ಅರ್ಜಿಗೆ ಅಡ್ಡ ಬರಬಾರದು. ಸಾಯುವ ಯಾರ ಹೃದಯ ನಿಲ್ಲುವುದಿಲ್ಲ? ಚಿಕಿತ್ಸೆ ಕೊಟ್ಟ ವೈದ್ಯರಿಂದ, ಆ ಸಾವಿಗೆ ಮೂಲ ಕಾರಣ ಮೆಸೊಥೀಲಿಯೋಮ ಎಂದು ಬರೆಸಿಕೊಳ್ಳಿ. ಬಯಾಪ್ಸಿ ತುಣುಕನ್ನು ಮೇಣದಲ್ಲಿ ಹುದುಗಿಸಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಟ್ಟಿರುತ್ತಾರೆ. ‘ಬ್ಲಾಕ್’ ಎಂದರೆ ಅವರಿಗೆ ಗೊತ್ತಾಗುತ್ತದೆ. ಅದನ್ನು ಎಸೆಯಬಾರದೆಂದು ಲಿಖಿತವಾಗಿ ಕೇಳಿ, ವರದಿಯ ಪ್ರತಿ ಪಡೆಯಿರಿ.

ಕಾಲದ ಮಿತಿಯನ್ನು ಮರೆಯಬೇಡಿ. 1923ರ ಕಾಯ್ದೆಯಲ್ಲಿ ಸಾವಿನ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಸಲ್ಲಿಸಬೇಕಿತ್ತು. ತಡವಾದರೆ ಸರಿಯಾದ ಕಾರಣವಿದ್ದಲ್ಲಿ ಮನ್ನಿಸುವ ಅಧಿಕಾರವಿದೆ, ಆದರೆ ಅದನ್ನು ನಂಬಿ ಕೂರಬೇಡಿ. ಹದಿನಾಲ್ಕು ತಿಂಗಳು ಆಗಲೇ ಕಳೆದಿದೆ. ಮಹಿಳೆಯಾಗಿ ನಿಮಗೂ ಉಚಿತ ವಕೀಲರು ಸಿಗುತ್ತಾರೆ. ಮದುವೆಯ ದಾಖಲೆ, ಮರಣ ಪತ್ರ, ಬಯಾಪ್ಸಿ ವರದಿ, ಅವರ ಇ.ಎಸ್.ಐ. ಅಥವಾ ಪಿ.ಎಫ್. ಸಂಖ್ಯೆ, ಈ ನಾಲ್ಕನ್ನು ಒಂದು ಚೀಲಕ್ಕೆ ಹಾಕಿಕೊಂಡು ಈ ವಾರವೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅವರ ಕೆಲಸದ ಬಟ್ಟೆ ಮನೆಯಲ್ಲಿ ಇನ್ನೂ ಇದ್ದರೆ ಕೊಡವಬೇಡಿ, ಒಗೆಯಲೂ ಬೇಡಿ. ನೀರು ಚಿಮುಕಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ, ವಕೀಲರಿಗೆ ಅದರ ವಿಷಯ ತಿಳಿಸಿ.