ಸ್ಕಾಟ್ ನಿಯರಿಂಗ್ ರಾಜಕೀಯ ಬಿಟ್ಟು ಹೊಲಕ್ಕೆ ಓಡಿಹೋದವರೇ?

ತಾವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಕಾಟ್ ನಿಯರಿಂಗ್ ಅವರನ್ನು ವಿಶ್ವವಿದ್ಯಾಲಯದಿಂದ ತೆಗೆದುಹಾಕಿದ್ದು ಯಾಕೆ ಎಂಬುದು ಮೊದಲನೆಯದು. ಅಷ್ಟು ಕಟ್ಟಾ ಸಮಾಜವಾದಿಯಾಗಿದ್ದ ಮನುಷ್ಯ ಐವತ್ತರ ಹೊತ್ತಿಗೆ ಬೆಟ್ಟದ ತಪ್ಪಲಿನ ಜಮೀನೊಂದನ್ನು ಸೇರಿಕೊಂಡದ್ದು ಸೋತು ಓಡಿಹೋದ ಹಾಗಲ್ಲವೇ ಎಂಬುದು ಎರಡನೆಯದು. ಪದವಿ ಕಾಲೇಜಿನಲ್ಲಿ ಬಹುಕಾಲ ಅರ್ಥಶಾಸ್ತ್ರ ಕಲಿಸಿದ ನನಗೆ ನಿಯರಿಂಗ್ ಮೊದಲು ಪರಿಚಯವಾದದ್ದು ಕಾರ್ಮಿಕರ ಕೂಲಿಯ ಬಗ್ಗೆ ಬರೆದವರಾಗಿ. ಸಾವಯವ ಕೃಷಿಯ ಆಸಕ್ತರು ಅವರನ್ನು ಗುರುವಿನಂತೆ ಕಾಣುತ್ತಾರೆಂದು ತಿಳಿದದ್ದು ಆಮೇಲೆ. ಹಾಗಾಗಿ ನನ್ನ ಉತ್ತರ ಅಧ್ಯಾಪಕನ ಕಡೆಯಿಂದ ಹೊರಡುತ್ತದೆ. ಸಂಬಳ ಕೊಡುವ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿದ ಮೇಲೆ, ಯಾರೂ ತನ್ನನ್ನು ಕೆಲಸದಿಂದ ತೆಗೆಯಲಾಗದಂತಹ ಒಂದು ಜೀವನೋಪಾಯವನ್ನು ಅವರು ಲೆಕ್ಕ ಹಾಕಿ ಕಟ್ಟಿಕೊಂಡರು ಎಂದು ನಾನು ತಿಳಿದಿದ್ದೇನೆ.

ನಿಯರಿಂಗ್ ಹುಟ್ಟಿದ್ದು 1883ರ ಆಗಸ್ಟ್ 6ರಂದು, ಪೆನ್ಸಿಲ್ವೇನಿಯಾ ರಾಜ್ಯದ ಮಾರಿಸ್ ರನ್ ಎಂಬ ಕಲ್ಲಿದ್ದಲ ಗಣಿಯೂರಿನಲ್ಲಿ. ಅದು ಕಂಪನಿಯ ಊರು. ಅಲ್ಲಿ ಗಣಿಯ ಉಸ್ತುವಾರಿ ನೋಡುತ್ತಿದ್ದವರು ಅವರ ಅಜ್ಜ. ಅಂದರೆ ಮುಂದೆ ಕಾರ್ಮಿಕರ ಪರವಾಗಿ ನಿಂತವರು ಬೆಳೆದದ್ದು ಊರಿನ ಅತ್ಯಂತ ಅನುಕೂಲಸ್ಥ ಮನೆಯಲ್ಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ವಾಣಿಜ್ಯ ಶಾಲೆಯಲ್ಲಿ ಓದಿ, 1906ರಿಂದ ಅಲ್ಲಿಯೇ ಅರ್ಥಶಾಸ್ತ್ರ ಕಲಿಸತೊಡಗಿದರು. 1909ರಲ್ಲಿ ಡಾಕ್ಟರೇಟ್ ಪಡೆದರು. ಸೈಮನ್ ಪ್ಯಾಟನ್ ಎಂಬ ಹಿರಿಯ ಅರ್ಥಶಾಸ್ತ್ರಜ್ಞರು ಅವರ ಗುರುಗಳು. ಟೆಂಪಲ್ ಕಾಲೇಜಿನಲ್ಲಿ ಭಾಷಣಕಲೆಯನ್ನೂ ಕಲಿತಿದ್ದರೆಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ಮುಂದೆ ಅವರ ಕೈಹಿಡಿದದ್ದೂ ಅವರನ್ನು ತೊಂದರೆಗೆ ಸಿಕ್ಕಿಸಿದ್ದೂ ಆ ಮಾತುಗಾರಿಕೆಯೇ.

1905ರಿಂದ 1907ರವರೆಗೆ ಅವರು ಪೆನ್ಸಿಲ್ವೇನಿಯಾದ ಬಾಲಕಾರ್ಮಿಕ ವಿರೋಧಿ ಸಮಿತಿಯ ಕಾರ್ಯದರ್ಶಿಯಾಗಿದ್ದರು. ಆ ರಾಜ್ಯದಲ್ಲಿ ಆಗ ಗಣಿಯಿಂದ ಬಂದ ಕಲ್ಲಿದ್ದಲನ್ನು ಇಳಿಜಾರಿನ ತೊಟ್ಟಿಗಳಲ್ಲಿ ಹರಿಸಿ, ಅದರ ಮೇಲೆ ಬಾಗಿ ಕುಳಿತ ಹುಡುಗರು ಬರಿಗೈಯಿಂದ ಕಲ್ಲಿನ ಚೂರುಗಳನ್ನು ಆರಿಸಿ ತೆಗೆಯುತ್ತಿದ್ದರು. ಬಟ್ಟೆ ಗಿರಣಿಗಳಲ್ಲೂ ಮಕ್ಕಳು ದುಡಿಯುತ್ತಿದ್ದರು. ಇದನ್ನು ಊರೂರಿನಲ್ಲಿ ಭಾಷಣ ಮಾಡಿ ಹೇಳುತ್ತಿದ್ದ ಯುವ ಅಧ್ಯಾಪಕನ ಮೇಲೆ, ಅದೇ ಗಣಿ, ಗಿರಣಿ, ಬ್ಯಾಂಕುಗಳ ಒಡೆಯರೇ ತುಂಬಿದ್ದ ವಿಶ್ವವಿದ್ಯಾಲಯದ ಟ್ರಸ್ಟಿಗಳ ಮಂಡಳಿಗೆ ಪ್ರೀತಿ ಹುಟ್ಟುವುದು ಸಾಧ್ಯವಿರಲಿಲ್ಲ. 1911ರಲ್ಲಿ ಅವರು ಅಮೆರಿಕದ ಕೂಲಿ ದರಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಸರ್ಕಾರದ್ದೇ ಅಂಕಿಅಂಶಗಳನ್ನು ಹಿಡಿದು, ಕೈಗಾರಿಕಾ ಪ್ರದೇಶಗಳ ವಯಸ್ಕ ಗಂಡಸರಲ್ಲಿ ಅರ್ಧದಷ್ಟು ಜನ ವರ್ಷಕ್ಕೆ 500 ಡಾಲರಿಗಿಂತ ಕಡಿಮೆ, ಮುಕ್ಕಾಲು ಪಾಲು ಜನ 600 ಡಾಲರಿಗಿಂತ ಕಡಿಮೆ ದುಡಿಯುತ್ತಾರೆ ಎಂದು ತೋರಿಸಿದರು. ಸಭೆಯಲ್ಲಿ ಯಾರಾದರೂ ಬೈದರೆ ತಿರುಗಿ ಬೈಯಬಹುದು. ಇಂತಹ ಲೆಕ್ಕಕ್ಕೆ ಲೆಕ್ಕದಲ್ಲೇ ಉತ್ತರ ಕೊಡಬೇಕಾಗುತ್ತದೆ. ಸಿರಿವಂತರನ್ನು ಈ ಪುಸ್ತಕ ಭಾಷಣಗಳಿಗಿಂತ ಹೆಚ್ಚು ಕೆರಳಿಸಿರಬೇಕೆಂದು ನಾನು ಊಹಿಸುತ್ತೇನೆ.

1914ರಲ್ಲಿ, ಸಾಕಷ್ಟು ತಡವಾಗಿ, ಅವರಿಗೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಸಿಕ್ಕಿತು. ಮರುವರ್ಷ ಬಿಲ್ಲಿ ಸಂಡೇ ಎಂಬ ಜನಪ್ರಿಯ ಧರ್ಮಪ್ರಚಾರಕ ವಿಶ್ವವಿದ್ಯಾಲಯವಿದ್ದ ಫಿಲಡೆಲ್ಫಿಯಾ ನಗರದಲ್ಲೇ ಮರದ ದೊಡ್ಡ ಸಭಾಮಂದಿರ ಕಟ್ಟಿಸಿ ಪಾಪ, ಕುಡಿತಗಳ ವಿರುದ್ಧ ಗುಡುಗುತ್ತಿದ್ದಾಗ, ಕಾರ್ಮಿಕರನ್ನು ಹಿಂಡುವವರ ಪಾಪದ ಬಗ್ಗೆಯೂ ಆ ವೇದಿಕೆಯಿಂದ ನಾಲ್ಕು ಮಾತು ಹೇಳಿ ಎಂದು ನಿಯರಿಂಗ್ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದರು. ಅದಾದ ಕೆಲವೇ ತಿಂಗಳಿಗೆ, 1915ರ ಜೂನ್‌ನಲ್ಲಿ, ಮುಂದಿನ ವರ್ಷಕ್ಕೆ ತಮ್ಮ ನೇಮಕಾತಿಯನ್ನು ನವೀಕರಿಸಲಾಗುವುದಿಲ್ಲ ಎಂಬ ಚುಟುಕು ಪತ್ರ ಕೈಗೆ ಬಂತು. ಕಾರಣ ತಿಳಿಸಿರಲಿಲ್ಲ. ಅವರ ವಿಭಾಗ ಮತ್ತು ಶಾಲೆಯ ಡೀನ್ ಇಬ್ಬರೂ ಅವರನ್ನು ಮುಂದುವರಿಸಲು ಶಿಫಾರಸು ಮಾಡಿದ್ದರು. ಪತ್ರ ಬಂದ ಹೊತ್ತನ್ನು ಗಮನಿಸಿ: ತರಗತಿಗಳು ಮುಗಿದು, ವಿದ್ಯಾರ್ಥಿಗಳು ಊರಿಗೆ ಹೋಗಿ, ಬೇರೆ ಕಾಲೇಜುಗಳಲ್ಲಿ ಆ ವರ್ಷದ ನೇಮಕಾತಿಗಳೂ ಮುಗಿದಿರುವ ಕಾಲ. ಇದನ್ನು ಓದುವ ಗುತ್ತಿಗೆ ಅಧ್ಯಾಪಕರಿಗೆ ಈ ಕ್ರಮದ ಜಾಣತನವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಟ್ರಸ್ಟಿಗಳ ಎಣಿಕೆ ತಪ್ಪಿತು. ನಿಯರಿಂಗ್ ತಮ್ಮ ಪರಿಚಿತರಿಗೂ ಪತ್ರಿಕೆಗಳಿಗೂ ತಕ್ಷಣ ಪತ್ರ ಬರೆದರು. ಸುದ್ದಿ ದೇಶದ ತುಂಬ ಹರಡಿತು. ಅವರ ಸಮಾಜವಾದವನ್ನು ಒಪ್ಪದ ಸಹೋದ್ಯೋಗಿಗಳು ಕೂಡ ಇಂದು ಅವರಿಗಾದದ್ದು ನಾಳೆ ನಮಗಾಗಬಹುದು ಎಂದು ಎದ್ದು ನಿಂತರು. ಅದೇ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಲೈಟ್ನರ್ ವಿಟ್ಮರ್ ಈ ಪ್ರಕರಣದ ಬಗ್ಗೆ ಒಂದು ಪುಸ್ತಕವನ್ನೇ ಬರೆದು ಅದೇ ವರ್ಷ ಪ್ರಕಟಿಸಿದರು. ತತ್ವಜ್ಞಾನಿ ಜಾನ್ ಡ್ಯೂಯಿ ಅಧ್ಯಕ್ಷತೆಯಲ್ಲಿ 1915ರ ಜನವರಿಯಲ್ಲಷ್ಟೇ ಹುಟ್ಟಿದ್ದ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘ ತನಿಖೆಗೆ ಎತ್ತಿಕೊಂಡ ಮೊದಮೊದಲ ಪ್ರಕರಣಗಳಲ್ಲಿ ಇದೂ ಒಂದು. ಮುಂದೆ ಆ ವಿಶ್ವವಿದ್ಯಾಲಯ ನೇಮಕಾತಿಯ ನಿಯಮಗಳನ್ನು ತಿದ್ದಿ, ಇಂತಹ ವಿಷಯಗಳಲ್ಲಿ ಅಧ್ಯಾಪಕರ ಅಭಿಪ್ರಾಯವನ್ನೂ ಕೇಳುವ ಪದ್ಧತಿ ತಂದಿತು. ನಿಯರಿಂಗ್ ಅವರನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. 1973ರಲ್ಲಿ, ಅವರಿಗೆ ತೊಂಬತ್ತು ತುಂಬುತ್ತಿದ್ದಾಗ, ಅದೇ ಸಂಸ್ಥೆ ಅವರನ್ನು ಅರ್ಥಶಾಸ್ತ್ರದ ಗೌರವ ಎಮೆರಿಟಸ್ (ನಿವೃತ್ತರಿಗೆ ಮನ್ನಣೆಯಾಗಿ ಕೊಡುವ) ಪ್ರೊಫೆಸರ್ ಎಂದು ಕರೆಯಿತು.

ಫಿಲಡೆಲ್ಫಿಯಾದಿಂದ ಅವರು ಒಹಾಯೊದ ಟೊಲಿಡೊ ನಗರದ ವಿಶ್ವವಿದ್ಯಾಲಯಕ್ಕೆ ಹೋಗಿ ಡೀನ್ ಆದರು. ಅಲ್ಲಿ ಉಳಿದದ್ದು ಎರಡು ವರ್ಷ ಮಾತ್ರ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು, ನಿಯರಿಂಗ್ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದರು, ಆ ಕೆಲಸವೂ ಹೋಯಿತು. ಆ ವರ್ಷವೇ ಅವರು ಸಮಾಜವಾದಿ ಪಕ್ಷ ಸೇರಿದ್ದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಪಕ್ಷದ ಕಾರ್ಯಕರ್ತನಾಗಿದ್ದುದಕ್ಕೇ ಅವರನ್ನು ವಿಶ್ವವಿದ್ಯಾಲಯದಿಂದ ತೆಗೆದರು ಎಂದು ಹಲವರು ಬರೆಯುತ್ತಾರೆ, ನಡೆದದ್ದು ತಿರುವುಮುರುವು. ಎರಡು ಸಂಸ್ಥೆಗಳು ಹೊರಗೆ ಹಾಕಿದ ಮೇಲೆ ಅವರು ಪಕ್ಷದ ಬಾಗಿಲಿಗೆ ಬಂದರು.

ಯುದ್ಧದಿಂದ ಲಾಭವಾಗುವುದು ಹಣವಂತರಿಗೆ ಎಂದು ವಾದಿಸಿ ‘ದಿ ಗ್ರೇಟ್ ಮ್ಯಾಡ್ನೆಸ್’ ಎಂಬ ಕಿರುಹೊತ್ತಗೆಯನ್ನು ಅವರು 1917ರಲ್ಲಿ ಬರೆದರು. ಸೇನಾ ಭರ್ತಿಗೆ ಅಡ್ಡಿಪಡಿಸಿದರೆಂದು 1918ರಲ್ಲಿ ಬೇಹುಗಾರಿಕೆ ಕಾಯ್ದೆಯಡಿ ಅವರ ಮೇಲೆ ಮೊಕದ್ದಮೆ ಹೂಡಲಾಯಿತು. ಆ ವರ್ಷದ ನವೆಂಬರ್‌ನಲ್ಲಿ ಅವರು ನ್ಯೂಯಾರ್ಕ್‌ನಿಂದ ಸಂಸತ್ತಿಗೆ ಸ್ಪರ್ಧಿಸಿ ಫಿಯೊರೆಲ್ಲೊ ಲಾ ಗಾರ್ಡಿಯಾ ಎದುರು ಸೋತರು. ಲಾ ಗಾರ್ಡಿಯಾ ಯುದ್ಧಕ್ಕೆ ಹೋಗಿ ಬಂದವರು. ಅವರ ಬೆನ್ನಿಗೆ ಎರಡೂ ದೊಡ್ಡ ಪಕ್ಷಗಳು ನಿಂತಿದ್ದವು. ವಿಚಾರಣೆ ನಡೆದದ್ದು 1919ರ ಫೆಬ್ರುವರಿಯಲ್ಲಿ, ಅಂದರೆ ಯುದ್ಧವೇ ನಿಂತ ಮೇಲೆ. ಸಾಕ್ಷಿಕಟ್ಟೆಯಲ್ಲಿ ನಿಂತ ನಿಯರಿಂಗ್ ಜ್ಯೂರಿಯವರನ್ನು ತಮ್ಮ ಹಳೆಯ ವಿದ್ಯಾರ್ಥಿಗಳೆಂದು ಭಾವಿಸಿದವರಂತೆ ಬಂಡವಾಳ, ಕೂಲಿ, ಯುದ್ಧಗಳ ಸಂಬಂಧವನ್ನು ಬಿಡಿಸಿ ವಿವರಿಸಿದರು. ಕೊನೆಗೆ ಬಂದ ತೀರ್ಪು ವಿಚಿತ್ರವಾಗಿತ್ತು: ಹೊತ್ತಗೆ ಬರೆದ ನಿಯರಿಂಗ್ ನಿರ್ದೋಷಿ, ಅದನ್ನು ಅಚ್ಚು ಹಾಕಿಸಿದ ಅಮೆರಿಕನ್ ಸೋಷಿಯಲಿಸ್ಟ್ ಸೊಸೈಟಿ ದೋಷಿ. ಸೊಸೈಟಿಗೆ 3,000 ಡಾಲರ್ ದಂಡ ಬಿತ್ತು.

ಇಪ್ಪತ್ತರ ದಶಕವನ್ನು ಬೇಗ ದಾಟುತ್ತೇನೆ. ಕಾರ್ಮಿಕರಿಗಾಗಿ ನಡೆಯುತ್ತಿದ್ದ ನ್ಯೂಯಾರ್ಕ್‌ನ ರ‍್ಯಾಂಡ್ ಶಾಲೆಯಲ್ಲಿ ಕಲಿಸಿದರು, ಅರ್ಥಶಾಸ್ತ್ರಜ್ಞ ಸೆಲಿಗ್ಮನ್, ವಕೀಲ ಕ್ಲಾರೆನ್ಸ್ ಡ್ಯಾರೋ ಅವರಂತಹ ಘಟಾನುಘಟಿಗಳೊಡನೆ ಟಿಕೆಟ್ ಇಟ್ಟ ಸಭೆಗಳಲ್ಲಿ ವಾದ ಮಾಡಿದರು, ಸೋವಿಯತ್ ಒಕ್ಕೂಟ ಮತ್ತು ಚೀನಾಗಳನ್ನು ಸುತ್ತಿದರು. 1927ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ಸಾಮ್ರಾಜ್ಯಶಾಹಿಯ ಬಗ್ಗೆ ಅವರು ಬರೆದ ಹಸ್ತಪ್ರತಿ ಲೆನಿನ್ ಹೇಳಿದ್ದಕ್ಕೆ ಹೊಂದುವುದಿಲ್ಲವೆಂದು ಪಕ್ಷ ಪ್ರಕಟಣೆಗೆ ಒಪ್ಪಿಗೆ ಕೊಡಲಿಲ್ಲ. ಪುಸ್ತಕವನ್ನು ಹೊರತರಲೇಬೇಕೆಂದು ಅವರು 1930ರಲ್ಲಿ ರಾಜೀನಾಮೆ ಕೊಟ್ಟರು. ರಾಜೀನಾಮೆ ಕೊಟ್ಟವರನ್ನು ಪಕ್ಷ ಉಚ್ಚಾಟಿಸಿತು! ಬಂಡವಾಳಗಾರರ ಟ್ರಸ್ಟಿ ಮಂಡಳಿಯಲ್ಲೂ ಕಾರ್ಮಿಕರ ಹೆಸರಿನ ಪಕ್ಷದಲ್ಲೂ ಅವರಿಗೆ ಉಳಿಗಾಲವಿರಲಿಲ್ಲ.

ಈಗ ತಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಹೆಲೆನ್ ನೋಥ್ ಎಂಬ ಸಂಗೀತಗಾರ್ತಿ ಇಪ್ಪತ್ತರ ದಶಕದ ಕೊನೆಯಲ್ಲಿ ಅವರ ಸಂಗಾತಿಯಾದರು. ಥಿಯೊಸಾಫಿಸ್ಟ್ (ಬ್ರಹ್ಮವಿದ್ಯಾ ಸಮಾಜದ) ಕುಟುಂಬದಲ್ಲಿ ಬೆಳೆದ ಹೆಲೆನ್, ಜಿಡ್ಡು ಕೃಷ್ಣಮೂರ್ತಿಯವರಿಗೆ ಯೌವನದಲ್ಲಿ ಬಹಳ ಆಪ್ತರಾಗಿದ್ದವರು. 1932ರಲ್ಲಿ, ಆರ್ಥಿಕ ಕುಸಿತ ಪಾತಾಳ ಮುಟ್ಟಿದ್ದಾಗ, ಇಬ್ಬರೂ ನ್ಯೂಯಾರ್ಕ್‌ನ ಬಾಡಿಗೆ ಮನೆ ಬಿಟ್ಟು ವರ್ಮಾಂಟ್ ರಾಜ್ಯದ ಸ್ಟ್ರ್ಯಾಟನ್ ಬೆಟ್ಟದ ಬುಡದಲ್ಲಿ ಪಾಳುಬಿದ್ದಂತಿದ್ದ ಜಮೀನೊಂದನ್ನು 300 ಡಾಲರ್ ನಗದು, 800 ಡಾಲರ್ ಅಡಮಾನ ಸಾಲಕ್ಕೆ ಕೊಂಡರು. ಕಲ್ಲು ತುಂಬಿದ ನೆಲ, ವರ್ಷದಲ್ಲಿ ಬಹಳ ದಿನ ಹಿಮ. ಅಲ್ಲಿ ದೊರೆಯುವ ನಗದು ಬೆಳೆಯೆಂದರೆ ಮೇಪಲ್ ಮರದ ರಸ. ಚಳಿಗಾಲ ಮುಗಿಯುವ ಹೊತ್ತಿನಲ್ಲಿ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಕೆಲವು ವಾರ, ಮರದ ಕಾಂಡಕ್ಕೆ ಸಣ್ಣ ತೂತು ಕೊರೆದು ಕೊಳವೆ ಸಿಕ್ಕಿಸಿದರೆ ನೀರಿನಂತಹ ತೆಳು ರಸ ತೊಟ್ಟಿಕ್ಕುತ್ತದೆ. ನಮ್ಮ ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸುವ ಹಾಗೆ ಅದನ್ನು ಅಗಲವಾದ ಕೊಪ್ಪರಿಗೆಯಲ್ಲಿ ಸೌದೆಯ ಉರಿಗೆ ಕುದಿಸಬೇಕು. ಮೂವತ್ತೈದು ನಲವತ್ತು ಗ್ಯಾಲನ್ ರಸ ಇಂಗಿದರೆ ಒಂದು ಗ್ಯಾಲನ್ ಪಾಕ.

ಅರ್ಥಶಾಸ್ತ್ರಜ್ಞ ಕಾಣಿಸುವುದು ಇಲ್ಲಿಯೇ. ಅವರು ವರ್ಷಕ್ಕೆ ಎಷ್ಟು ನಗದು ಬೇಕೆಂದು ಮೊದಲೇ ಬಜೆಟ್ ಹಾಕುತ್ತಿದ್ದರು. ಅಷ್ಟು ಕೈಗೆ ಬರುವಷ್ಟು ಸಕ್ಕರೆ, ಪಾಕ ತಯಾರಾದರೆ ಆ ವರ್ಷದ ಸಂಪಾದನೆಯ ಕೆಲಸ ಮುಗಿಯಿತು. ಲಾಭಕ್ಕೆಂದು ಮುಂದುವರಿಸುವ ಪ್ರಶ್ನೆಯಿರಲಿಲ್ಲ. ತರಕಾರಿ ತಾವೇ ಬೆಳೆದರು, ಜಮೀನಿನ ಆ ಅಡಮಾನ ಬಿಟ್ಟರೆ ಬ್ಯಾಂಕಿನ ಸಾಲಕ್ಕೆ ಕೈಯೊಡ್ಡಲಿಲ್ಲ, ಮಾಂಸ ತಿನ್ನಲಿಲ್ಲ, ದನ ಕೋಳಿ ಸಾಕಲಿಲ್ಲ. ಮನೆಗಳನ್ನು ಕಲ್ಲಿನಲ್ಲಿ ಕಟ್ಟಿದರು: ಹದಿನೆಂಟು ಅಂಗುಲ ಎತ್ತರದ ಮರದ ಅಚ್ಚುಗಳನ್ನು ಎದುರುಬದುರು ನಿಲ್ಲಿಸಿ, ಚಪ್ಪಟೆ ಮುಖದ ಕಲ್ಲುಗಳನ್ನು ಹೊರಬದಿಗೆ ಜೋಡಿಸಿ, ಹಿಂದೆ ಕಾಂಕ್ರೀಟ್ ತುಂಬಿ, ಗಟ್ಟಿಯಾದ ಮೇಲೆ ಅಚ್ಚನ್ನು ಬಿಚ್ಚಿ ಮೇಲಿನ ವರಸೆಗೆ ಏರಿಸುವುದು. ದಿನದಲ್ಲಿ ನಾಲ್ಕು ಗಂಟೆ ಹೊಟ್ಟೆಪಾಡಿನ ದುಡಿಮೆಗೆ, ನಾಲ್ಕು ಗಂಟೆ ಓದು, ಬರಹ, ಸಂಗೀತದಂತಹ ತಮ್ಮ ವೃತ್ತಿಗೆ, ಇನ್ನು ನಾಲ್ಕು ಗಂಟೆ ಸಮಾಜದ ಕೆಲಸಕ್ಕೆ ಎಂಬುದು ಅವರ ಹಂಚಿಕೆ. ಈ ಕೊನೆಯ ಎಂಟು ಗಂಟೆಗಳಿಗಾಗಿ ಮೊದಲ ನಾಲ್ಕು ಗಂಟೆಗಳಿದ್ದವು ಎಂಬುದನ್ನು ಅವರನ್ನು ಬರೀ ಕೃಷಿಕರೆಂದು ಪೂಜಿಸುವವರು ಮರೆಯುತ್ತಾರೆ. ಜಮೀನಿನ ಕೆಲಸ ಕಡಿಮೆಯಿರುವ ತಿಂಗಳುಗಳಲ್ಲಿ ಅವರು ಭಾಷಣ ಪ್ರವಾಸ ಹೊರಡುತ್ತಿದ್ದರು. 1953ರಿಂದ 1972ರವರೆಗೆ ‘ಮಂತ್ಲಿ ರಿವ್ಯೂ’ ಎಂಬ ಸಮಾಜವಾದಿ ಮಾಸಿಕಕ್ಕೆ ಜಾಗತಿಕ ವಿದ್ಯಮಾನಗಳ ಅಂಕಣ ಬರೆದರು. ಓಡಿಹೋದವರು ತೊಂಬತ್ತು ಮುಟ್ಟುವವರೆಗೆ ಅಂಕಣ ಬರೆಯುತ್ತಾ ಕೂರುವುದಿಲ್ಲ.

ಸ್ಕೀಯಿಂಗ್ ಪ್ರವಾಸೋದ್ಯಮ ವರ್ಮಾಂಟಿನ ಆ ಬೆಟ್ಟವನ್ನು ಮುತ್ತುವ ಸೂಚನೆ ಕಂಡಾಗ, 1952ರಲ್ಲಿ, ಅವರು ಮೇನ್ ರಾಜ್ಯದ ಸಮುದ್ರತೀರದ ಹಾರ್ಬರ್‌ಸೈಡ್‌ಗೆ ಹೋಗಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದರು. ಆಗ ನಿಯರಿಂಗ್ ಅವರಿಗೆ ಅರವತ್ತೆಂಟು ದಾಟಿತ್ತು. ಇಬ್ಬರೂ ಸೇರಿ ಬರೆದು 1954ರಲ್ಲಿ ತಾವೇ ಪ್ರಕಟಿಸಿದ್ದ ‘ಲಿವಿಂಗ್ ದ ಗುಡ್ ಲೈಫ್’ ಪುಸ್ತಕ 1970ರಲ್ಲಿ ಮರುಮುದ್ರಣಗೊಂಡಾಗ, ವಿಯೆಟ್ನಾಂ ಯುದ್ಧದಿಂದ ಬೇಸತ್ತಿದ್ದ ಯುವಕರು ಅದನ್ನು ಹಿಡಿದು ಅವರ ಮನೆಬಾಗಿಲಿಗೆ ಬರತೊಡಗಿದರು. ಎಪ್ಪತ್ತರ ದಶಕದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ. ಬಂದವರ ಕೈಗೆ ನಿಯರಿಂಗ್ ಗುದ್ದಲಿ ಕೊಡುತ್ತಿದ್ದರು.

ನನ್ನ ತಕರಾರುಗಳನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಸರ್ಕಾರವನ್ನು ಜರಡಿ ಹಿಡಿದು ನೋಡಿದ ಕಣ್ಣು ಸೋವಿಯತ್ ಸರ್ಕಾರದ ವಿಷಯದಲ್ಲಿ ತೀರಾ ಉದಾರವಾಗಿತ್ತು. ಮೂವತ್ತರ ದಶಕದಲ್ಲಿ ಸೋವಿಯತ್ ಒಕ್ಕೂಟದ ಮ್ಯಾಗ್ನಿಟೊಗೋರ್ಸ್ಕ್ ಉಕ್ಕಿನ ನಗರದಲ್ಲಿ ವೆಲ್ಡರ್ ಆಗಿ ದುಡಿದು ಬಂದ ಅವರ ಮಗ ಜಾನ್, ತಂದೆಯ ಅಡ್ಡಹೆಸರನ್ನೂ ಆ ರಾಜಕೀಯವನ್ನೂ ಬಿಟ್ಟು ‘ಟೈಮ್’ ಪತ್ರಿಕೆ ಸೇರಿದರು. ತಂದೆ ಮಗನ ನಡುವಿನ ಬಿರುಕು ಕೊನೆಗೂ ಮುಚ್ಚಲಿಲ್ಲ. ಇನ್ನು ಮನೆಯಲ್ಲಿ ಸಾಕಬೇಕಾದ ಮಕ್ಕಳಿಲ್ಲದ, ಓದುಬರಹ ಬಲ್ಲ, ಭಾಷಣಕ್ಕೆ ಕರೆ ಬರುವ ಇಬ್ಬರು ವಯಸ್ಕರಿಗೆ ಒಗ್ಗಿದ ಬಜೆಟ್, 1911ರಲ್ಲಿ ಅವರೇ ಲೆಕ್ಕ ಹಾಕಿ ತೋರಿಸಿದ 500 ಡಾಲರಿನ ಕಾರ್ಮಿಕನ ಸಂಸಾರಕ್ಕೆ ಒಗ್ಗುವಂತಹದಲ್ಲ. ವರ್ಮಾಂಟಿನ ಕಣಿವೆಯ ನೆರೆಹೊರೆಯವರೂ ಅವರ ಸಹಕಾರಿ ಪ್ರಯೋಗಗಳಿಗೆ ಹೆಚ್ಚಾಗಿ ಜೊತೆಯಾಗಲಿಲ್ಲ. ಇದನ್ನು ನಿಯರಿಂಗ್ ದಂಪತಿಗಳೇ ತಮ್ಮ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಅವರು ಗೆದ್ದದ್ದು ತಮ್ಮಿಬ್ಬರ ಮಟ್ಟಿಗೆ. ಸಮಾಜವಾದಿಯೊಬ್ಬರ ಬಗ್ಗೆ ಇದು ಸಣ್ಣ ಟೀಕೆಯಲ್ಲ, ಮತ್ತು ತಮ್ಮ ಪ್ರಶ್ನೆಯಲ್ಲಿರುವ ಅನುಮಾನಕ್ಕೆ ಆಧಾರವಿರುವುದು ಇಲ್ಲಿ ಮಾತ್ರ.

ಅವರು ತೀರಿಕೊಂಡದ್ದು 1983ರ ಆಗಸ್ಟ್ 24ರಂದು, ನೂರು ತುಂಬಿದ ಹದಿನೆಂಟನೆಯ ದಿನ. ಸೌದೆ ಹೊರಲಾಗದಷ್ಟು ದೇಹ ಸೋತ ಮೇಲೆ ಅವರೇ ಊಟ ಬಿಡಲು ತೀರ್ಮಾನಿಸಿದ್ದರು.

ಓದುವುದಾದರೆ ಎಲ್ಲಿಂದ ಶುರು ಮಾಡಲಿ ಎಂದೂ ತಾವು ಕೇಳಿದ್ದೀರಿ. ಕೃಷಿಯ ಪುಸ್ತಕವನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ಮೊದಲು 1972ರಲ್ಲಿ ಬಂದ ಅವರ ಆತ್ಮಕಥೆ ‘ದ ಮೇಕಿಂಗ್ ಆಫ್ ಎ ರ‍್ಯಾಡಿಕಲ್’ ಓದಿ, ಅದರಲ್ಲೂ ವಾರ್ಟನ್ ವರ್ಷಗಳ ಭಾಗವನ್ನು ಬಿಡಬೇಡಿ.