‘ಕುಂಗ್ ಫೂ ಹಸಲ್’ ಚಿತ್ರವನ್ನು ವಿಮರ್ಶಕರು ಹೇಗೆ ಸ್ವೀಕರಿಸಿದರು?

ಬಹುಪಾಲು ಮೆಚ್ಚಿಕೊಂಡೇ ಸ್ವೀಕರಿಸಿದರು. ಹಾಂಗ್‌ಕಾಂಗ್‌ನ ಸ್ಟೀಫನ್ ಚೌ ನಿರ್ದೇಶಿಸಿ, ತಾನೇ ಮುಖ್ಯ ಪಾತ್ರ ಮಾಡಿದ ಈ ಚಿತ್ರ ತೆರೆಕಂಡದ್ದು 2004ರಲ್ಲಿ. ಹಳೆಯ ಶಾಂಘೈನ ಬಡ ವಠಾರವೊಂದಕ್ಕೆ ಕೊಡಲಿ ಹಿಡಿದ ರೌಡಿಗಳು ನುಗ್ಗುತ್ತಾರೆ; ಅಲ್ಲಿನ ದರ್ಜಿ, ಕೂಲಿಯಾಳುಗಳೇ ಸಮರಕಲೆಯ ನಿಪುಣರೆಂದು ಆಮೇಲೆ ತಿಳಿಯುತ್ತದೆ.

ತಲೆತುಂಬ ಕೂದಲಿನ ಸುರುಳಿ, ತುಟಿಯಂಚಿನಲ್ಲಿ ಸಿಗರೇಟು ಇಟ್ಟುಕೊಂಡ ಮನೆಯೊಡತಿ ನಾಯಕನನ್ನು ಅಟ್ಟಿಸಿಕೊಂಡು ಓಡುವಾಗ ಇಬ್ಬರ ಕಾಲುಗಳೂ ಕಾರ್ಟೂನಿನಂತೆ ಚಕ್ರವಾಗುತ್ತವೆ. ಆ ಪಾತ್ರಕ್ಕೆ ಯುಯೆನ್ ಚಿಯು ತೈವಾನಿನ ಗೋಲ್ಡನ್ ಹಾರ್ಸ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಪೋಷಕ ನಟಿ ಪ್ರಶಸ್ತಿ ಪಡೆದರು. (ಚಿತ್ರದ ನಿಜವಾದ ನಾಯಕಿ ಆಕೆಯೇ ಎಂಬುದು ನನ್ನ ಅಭಿಪ್ರಾಯ.) 2005ರ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದೇ ಅತ್ಯುತ್ತಮ ಚಿತ್ರ. ಅಮೆರಿಕದ ಗೋಲ್ಡನ್ ಗ್ಲೋಬ್, ಬ್ರಿಟನ್ನಿನ ಬಾಫ್ತಾ ಪ್ರಶಸ್ತಿ ಎರಡಕ್ಕೂ ನಾಮನಿರ್ದೇಶನಗೊಂಡಿತು. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ಮೂರು ನಕ್ಷತ್ರ ಕೊಟ್ಟರು.

ಆಕ್ಷೇಪಗಳೂ ಇದ್ದವು. ಕಂಪ್ಯೂಟರ್ ಗ್ರಾಫಿಕ್ಸ್ ಅತಿಯಾಯಿತು, ಪಾತ್ರಗಳು ತೆಳುವಾದವು ಎಂದರು ಕೆಲವರು. ಎರಡನೆಯದನ್ನು ಒಪ್ಪಬಹುದು: ಐಸ್‌ಕ್ರೀಂ ಮಾರುವ ಮೂಕ ಹುಡುಗಿಗೆ ಚಿತ್ರದಲ್ಲಿ ಕೆಲಸವೇ ಇಲ್ಲ. ಗ್ರಾಫಿಕ್ಸ್ ಮಾತ್ರ ಬೇಕೆಂದೇ ಅತಿ ಮಾಡಿದ್ದು. ಯುಯೆನ್ ವೂ-ಪಿಂಗ್ ಸಂಯೋಜಿಸಿದ ಹೊಡೆದಾಟಗಳ ತಾಕತ್ತು ಅದರಿಂದ ಕುಂದಿಲ್ಲ.