ಅದಿರಿನ ಬೆಟ್ಟಕ್ಕೆ ಮಗಳನ್ನು ಕರ್ಕೊಂಡು ಹೋಗಬಹುದಾ?

ಪ್ರಶ್ನೆ: ನಮ್ಮ ತಾತ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಅದಿರು ಬರುತ್ತಿದ್ದ ಬೆಟ್ಟ ನೋಡಬೇಕು, ಹಾಗೇ ಚಾರಣವೂ ಆಗಬೇಕು ಅಂತ ಆಸೆ. ಕುದುರೆಮುಖಕ್ಕೆ ಹೋದರೆ ಹಳೇ ಗಣಿಯೊಳಗೆ ಬಿಡ್ತಾರಾ? ಜೊತೆಗೆ ಎಂಟು ವರ್ಷದ ಮಗಳಿರುತ್ತಾಳೆ. ಮಳೆ ಬಿಟ್ಟ ಮೇಲೆ ಹೊರಡುತ್ತೇವೆ.
– ಓದುಗರೊಬ್ಬರು, ಭದ್ರಾವತಿ

ಉತ್ತರ: ತಾತನ ಕಾರ್ಖಾನೆಯ ಅದಿರು ನೋಡಬೇಕು ಅಂದರೆ ನೀವು ಹೋಗಬೇಕಾದ್ದು ಕೆಮ್ಮಣ್ಣುಗುಂಡಿಗೆ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದಾಗ ಕುಲುಮೆಗೆ ಬೇಕಾದ ಇದ್ದಿಲು ಮಲೆನಾಡಿನ ಕಾಡಿನ ಮರದಿಂದಲೇ ಬರುತ್ತಿತ್ತು. ಅದಿರು ಕೆಮ್ಮಣ್ಣುಗುಂಡಿಯ ಮೇಲಿಂದ ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು ನಿಮ್ಮೂರಿಗೆ ಬರುತ್ತಿತ್ತು. ತರೀಕೆರೆ, ಲಿಂಗದಹಳ್ಳಿ ಮೇಲೆ ಹೋಗಿ. ಅಲ್ಲಿನ ಝಡ್ ಪಾಯಿಂಟ್ ಎಂಬ ವೀಕ್ಷಣಾ ತಾಣದ ಕಡೆ ನಡೆಯುವಾಗ ಬೆಟ್ಟದ ಬದಿ ಕತ್ತರಿಸಿದ ಕಡೆ ಮಣ್ಣು ನೋಡಿ, ಕೈಗೆ ತೆಗೊಂಡರೆ ಬೆರಳೆಲ್ಲ ಕೆಂಪಾಗುತ್ತದೆ. ಮಗಳಿಗೆ ತಾತನ ಕಥೆ ಹೇಳೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ದಾರಿಯಲ್ಲೇ ಶಾಂತಿ ಜಲಪಾತ ಸಿಗುತ್ತದೆ. ಕೊನೆಯಲ್ಲಿ ದಾರಿ ಕಿರಿದು, ಪಕ್ಕದಲ್ಲಿ ಇಳಿಜಾರು, ಅಲ್ಲಿ ಮಗುವಿನ ಕೈ ಬಿಡಬೇಡಿ.

ಕುದುರೆಮುಖದ ಗಣಿ ಬೇರೆಯೇ. 1976ರಲ್ಲಿ ಕಂಪನಿ ಶುರುವಾಯಿತು. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅಗೆತ ನಿಂತಿತು. ಅಗೆದ ಗುಡ್ಡ, ಗಣಿಯ ಹೂಳು ತುಂಬಿದ ಲಕ್ಯಾ ಅಣೆಕಟ್ಟು ಸುತ್ತಾಡುವ ಜಾಗಗಳಲ್ಲ. ಅನುಮತಿ ಇಲ್ಲದೆ ಯಾರಾದರೂ ಒಳಗೆ ಕರ್ಕೊಂಡು ಹೋಗ್ತೀನಿ ಅಂದರೆ ದಯವಿಟ್ಟು ಹೋಗಬೇಡಿ. ಭದ್ರೆ ಹುಟ್ಟುವುದೇ ಆ ಬೆಟ್ಟಸಾಲಿನಲ್ಲಿ. ಹುಲ್ಲು, ಬೆಟ್ಟದ ಕಣಿವೆಗಳಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದರಿಂದಲೇ ಬೇಸಿಗೆಯಲ್ಲೂ ಹೊಳೆಯಲ್ಲಿ ನೀರಿರುತ್ತದೆ, ಆ ಹುಲ್ಲನ್ನು ತುಳಿದು ಹೊಸ ದಾರಿ ಮಾಡುವುದು ನನಗಂತೂ ಸಹಿಸಲಾಗದ ವಿಷಯ.

ಕುದುರೆಮುಖ ಶಿಖರ ಹತ್ತುವ ಆಸೆ ಇದ್ದರೆ ದೊಡ್ಡವರು ಮಾತ್ರ ಇನ್ನೊಮ್ಮೆ ಬನ್ನಿ. ಕಳಸದ ಕಡೆಯಿಂದ ಮುಳ್ಳೋಡಿಗೆ ಜೀಪು, ಅಲ್ಲಿಂದ ಹೋಗಿ ಬರಲು ಸುಮಾರು 20 ಕಿ.ಮೀ. ನಡಿಗೆ, ಎಂಟು ವರ್ಷದವಳಿಗೆ ಅದು ಜಾಸ್ತಿಯೇ. ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಿರಿ, ಸ್ಥಳೀಯ ಗೈಡ್ ಜೊತೆಗೇ ಹೋಗಿ.

ಮಳೆ ಬಿಟ್ಟ ತಕ್ಷಣ ಎರಡೂ ಕಡೆ ಇಂಬಳದ (ರಕ್ತ ಹೀರುವ ಜಿಗಣೆ) ಕಾಟ ಇರುತ್ತದೆ. ನವೆಂಬರ್ ತನಕ ಕಾದರೆ ಒಳ್ಳೇದು. ಇಂಬಳ ಮೈಗೆ ಹತ್ತಿದರೆ ಎಳೆಯಬೇಡಿ, ಸ್ವಲ್ಪ ಸುಣ್ಣ ಮುಟ್ಟಿಸಿ, ಬಿಡುತ್ತದೆ.